ಅತ್ತೆಯ ಟಿವಿಗೆ ಭಾವ ಬರೆದ ದಾರಿ

ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ ಅರ್ಗೀರಿಸ್, ಮೂವತ್ತು ವರ್ಷ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದವರು. ಹಾಗಾಗಿ ತಂತಿ ಇರುವ ವಸ್ತುವೆಲ್ಲ ತಮಗೆ ಗೊತ್ತೆಂದು ಅವರ ನಂಬಿಕೆ. ಗ್ರೀಸಿನ ವೋಲೋಸ್ ಊರಿನ ನಮ್ಮ ಮೂರಂತಸ್ತಿನ ಮನೆಯಲ್ಲಿ ಕೆಳಗೆ ಅತ್ತೆ ಎವಾಂಥಿಯಾ, ನಡುವೆ ನಾವು, ಮೇಲೆ ಭಾವ ಮತ್ತು ಅವರ ನಂಬಿಕೆ.

ಮಾವ ತೀರಿಕೊಂಡ ಮೇಲೆ ಅತ್ತೆ ಕೇಳಿದ್ದು ಒಂದೇ: "ನಲವತ್ತನೇ ದಿನದ ಪ್ರಾರ್ಥನೆ ಮುಗಿದ್ಮೇಲೆ ಅವರ ದನಿ ಒಂದ್ಸಲ ಕೇಳ್ಬೇಕು." ಭಾವ ಹಳೆಯ ವಿಡಿಯೊ ಕ್ಯಾಸೆಟ್‌ಗಳನ್ನೆಲ್ಲ ತಮ್ಮ ಕಂಪ್ಯೂಟರಿಗೆ ಇಳಿಸಿ, 'ಅಜ್ಜ' ಎಂಬ ಫೋಲ್ಡರಿನಲ್ಲಿಟ್ಟು, ಅತ್ತೆಯ ಟಿವಿಯಲ್ಲಿ ಅದರ ದಾರಿ, ಅಂದರೆ ಫೋಲ್ಡರಿನ ವಿಳಾಸ, ಬರೆದರು. ಟಿವಿ 'ಕಡತ ಸಿಗಲಿಲ್ಲ' ಎಂದಿತು. ಭಾವ ಟಿವಿಯನ್ನೇ ಬೈದರು.

"ಭಾವ, ನೀವು ಬರೆದಿರೋದು ಡಿ ಡ್ರೈವ್ ಅಂತ. ಅದು ನಿಮ್ಮ ಕಂಪ್ಯೂಟರಿಗೆ ಮಾತ್ರ ಗೊತ್ತು. ಕೆಳಗಿನ ಟಿವಿಗೆ ಯಾವ ಕಂಪ್ಯೂಟರು, ಅದರಲ್ಲಿ ಯಾವ ಫೋಲ್ಡರು ಅಂತ ಪೂರ್ತಿ ಹೇಳ್ಬೇಕು," ಎಂದೆ.

"ಇಸ್ಕೂಲು ಯಾವಾಗ ತೆಗೆದೆಯಮ್ಮ?" ಎಂದರು. ಆದರೆ ಹಾಗೇ ಬರೆದರು: ಕಂಪ್ಯೂಟರು ಸ್ತಮಾತಿಸ್, ಫೋಲ್ಡರು ಅಜ್ಜ. ಒತ್ತಿ ನೋಡಲಿಲ್ಲ. ಪರೀಕ್ಷೆ ಮಾಡುವುದು ಕಲಿಯದವರ ಕೆಲಸವಂತೆ.

ನಮ್ಮ ವಂಶದ ಜಾಣತನ ನೋಡಬೇಕಾದದ್ದು ಇಲ್ಲೇ. ಮಾವನ ಹೆಸರು ಸ್ತಮಾತಿಸ್. ಪದ್ಧತಿಯಂತೆ ಭಾವನ ಮಗನೂ ಸ್ತಮಾತಿಸ್, ನನ್ನ ಮಗನೂ ಸ್ತಮಾತಿಸ್. ಸಾಲದ್ದಕ್ಕೆ ಭಾವ ತಮ್ಮ ಕಂಪ್ಯೂಟರಿಗೂ ನನ್ನ ಮಗ ತನ್ನದಕ್ಕೂ ಅದೇ ಹೆಸರಿಟ್ಟಿದ್ದರು. ನನಗೂ ಹೊಳೆಯಲಿಲ್ಲ, ನಾನೂ ಇದೇ ಮನೆಯ ಸೊಸೆಯಲ್ಲವೇ.

ನಲವತ್ತನೇ ದಿನದ ಭಾನುವಾರ ಚರ್ಚಿನಿಂದ ಬಂದು, ತೀರಿಕೊಂಡವರ ಹೆಸರಲ್ಲಿ ಬೇಯಿಸಿದ ಗೋಧಿ ಹಂಚಿ, ಕಾಫಿ, ಬ್ರಾಂಡಿ ಕೊಟ್ಟು ನೆಂಟರನ್ನೂ ಪಾದ್ರಿಗಳನ್ನೂ ಕೂರಿಸಿದೆವು. ಭಾವ ಗತ್ತಿನಿಂದ ರಿಮೋಟ್ ಒತ್ತಿದರು. ಹಳೆಯ ಕ್ಯಾಸೆಟ್ಟಿನ, ನೆಂಟರ ಮದುವೆಯಲ್ಲಿ ಕುಣಿಯುವ ತರುಣ ಮಾವ ಬರಲೇ ಇಲ್ಲ. ಟಿವಿ ಹೋಗಿ ಮುಟ್ಟಿದ್ದು ನನ್ನ ಮಗನ ಕಂಪ್ಯೂಟರನ್ನು. ಅವನ 'ಅಜ್ಜ' ಫೋಲ್ಡರಿನಲ್ಲಿ ಇದ್ದದ್ದು ಒಂದೇ ವಿಡಿಯೊ: ಕಳೆದ ಬೇಸಿಗೆಯಲ್ಲಿ, ಬಾಲ್ಕನಿಯಲ್ಲಿ ಬನಿಯನ್ ತೊಟ್ಟು ಕೂತ ಮಾವ.

"ನಿಮ್ಮಜ್ಜಿ ಬೀನ್ಸ್ ಸಾರಿಗೆ ಉಪ್ಪೇ ಹಾಕಲ್ಲ ಕಣೋ. ಐವತ್ತು ವರ್ಷದಿಂದ ತಿಂತಿದೀನಿ. ಹೇಳ್ಬಿಟ್ಟೀಯ, ಹುಷಾರ್! ಪಾಪ, ಎಷ್ಟು ಪ್ರೀತಿಯಿಂದ ಮಾಡ್ತಾಳೆ."

ಪಾದ್ರಿಗಳು ಕೆಮ್ಮಿದರು. ಭಾವ ಬೆವತುಹೋದರು. "ದಾರಿ ತಪ್ಪಿದೆ ಅಮ್ಮ, ಈಗಲೇ ಸರಿಮಾಡ್ತೀನಿ."

"ಮುಟ್ಟಿದ್ರೆ ಕೈ ಮುರೀತೀನಿ," ಎಂದರು ಅತ್ತೆ. ನಗುತ್ತಿದ್ದರು, ಕಣ್ಣೀರು ಸುರಿಯುತ್ತಿತ್ತು. ನನಗೂ ತಡೆಯಲಾಗಲಿಲ್ಲ.

ಬೇಕೆಂದೇ ಹಾಗೆ ಬರೆದೆ ಎಂದು ಭಾವ ಆಮೇಲೆ ಊರೆಲ್ಲ ಹೇಳಿಕೊಂಡು ತಿರುಗಿದರು. ತಿರುಗಲಿ. ದಾರಿಯನ್ನು ಯಾರೂ ತಿದ್ದಿಲ್ಲ. ಅತ್ತೆ ಪ್ರತಿ ಶುಕ್ರವಾರ ಬೀನ್ಸ್ ಸಾರು ಮಾಡಿ, ಟಿವಿ ಹಾಕಿ, ಸೌಟು ಹಿಡಿದು ಅದರ ಮುಂದೆ ನಿಲ್ಲುತ್ತಾರೆ.

"ಉಪ್ಪು ಹಾಕಿದೀನಿ ರೀ. ಬಂದು ರುಚಿ ನೋಡಿ."