ಎರಡು ಇಂಚು ಕಡಿಮೆ ಬಿದ್ದ ಪ್ರಯಾಣ

ನನ್ನ ತಂಗಿಯ ಗಂಡ ಟೈಲರು. ಮೆಟ್ಟಿಲ ಕೆಳಗಿನ ಅವನ ಅಂಗಡಿ ಎಷ್ಟು ಸಣ್ಣದೆಂದರೆ, ಗಿರಾಕಿ ಉಸಿರು ಎಳೆದುಕೊಂಡಾಗ ಟೈಲರು ಉಸಿರು ಬಿಡಬೇಕು. ಇಬ್ಬರೂ ಒಟ್ಟಿಗೆ ಎಳೆದುಕೊಂಡರೆ ಬಾಗಿಲು ಕಳಚಿ ರಸ್ತೆಗೆ ಬೀಳುತ್ತದೆ. ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಇಸ್ತ್ರಿ ಪೆಟ್ಟಿಗೆ ಇಷ್ಟಕ್ಕೇ ಜಾಗ ಮುಗಿದುಹೋಗಿದೆ. ಆದರೂ ಗೋಡೆಯ ಮೇಲೆ ನಾಲ್ಕು ಜನರ ಫೋಟೋ ಒಂದಿದೆ. ಗಿಟಾರು ಹಿಡಿದವರು ಮೂವರು, ಡ್ರಮ್ಮಿನ ಹಿಂದೆ ಕೂತವನೊಬ್ಬ. ಬ್ಯಾಂಡಿನ ಹೆಸರು ‘ತಗಡಿನ ಹಕ್ಕಿಗಳು’.

ಈ ಹಕ್ಕಿಗಳ ಕ್ಯಾಸೆಟ್ಟು ಬೆಳಗ್ಗೆ ಅಂಗಡಿ ತೆರೆದಾಗಿನಿಂದ ಮುಚ್ಚುವ ತನಕ ಹಾಡುತ್ತಲೇ ಇರುತ್ತದೆ. ವೇಗದ ಹಾಡು ಬಂದರೆ ಪ್ಯಾಂಟಿನ ಉದ್ದ ಹೊಲಿಗೆ, ನಿಧಾನದ ಹಾಡು ಬಂದರೆ ಗುಂಡಿಯ ಕಾಜಾ. ಒಮ್ಮೆ ಕ್ಯಾಸೆಟ್ಟು ನಿಧಾನದ ಹಾಡಿನಲ್ಲೇ ಸಿಕ್ಕಿಹಾಕಿಕೊಂಡು ಒಬ್ಬ ಮೇಷ್ಟರ ಶರ್ಟಿಗೆ ಹತ್ತೊಂಬತ್ತು ಕಾಜಾ ಬಿದ್ದವು. ಪಾಪ, ಶರ್ಟಿನ ಗುಂಡಿ ಹಾಕಿ ಮುಗಿಸಲಿಕ್ಕೆಂದೇ ಮೇಷ್ಟರು ಇವತ್ತಿಗೂ ಕೋಳಿಗಿಂತ ಮುಂಚೆ ಏಳುತ್ತಾರೆ.

ಕಸುಬಿನಲ್ಲಿ ಅವನದೊಂದು ಹಟವಿದೆ: ಒಳಗೆ ಬಟ್ಟೆ ಬಿಡುವುದು. ಬೇರೆ ಟೈಲರುಗಳು ಹೊಲಿಗೆಯ ಆಚೆ ಅರ್ಧ ಬೆರಳು ಬಿಟ್ಟರೆ ಇವನು ಎರಡು ಬೆರಳು ಬಿಡುತ್ತಾನೆ. ಮುಂದೆ ಯಾರು ಎಷ್ಟು ದಪ್ಪಗಾಗುತ್ತಾರೋ ಕಂಡವರಾರು? ಬ್ಯಾಂಕಿನ ಮ್ಯಾನೇಜರು ಗುಮಾಸ್ತರಾಗಿದ್ದಾಗ ಹೊಲಿಸಿದ ಕೋಟನ್ನೇ ಇಂದಿಗೂ ತೊಡುತ್ತಾರೆ. ಅವರು ಮೂರು ಪಟ್ಟಾಗಿದ್ದಾರೆ, ಕೋಟೂ ಮೂರು ಪಟ್ಟಾಗಿದೆ. ನನ್ನ ಒಂದು ಪ್ಯಾಂಟು ಬಿಚ್ಚಿದರೆ ಒಳಗಿನ ಬಟ್ಟೆಯಲ್ಲಿ ಸಣ್ಣ ಹಡಗಿಗೆ ಪಟ ಕಟ್ಟಬಹುದು. ಮೂವತ್ತು ವರ್ಷದಲ್ಲಿ ‘ಬಿಗಿಯಾಯಿತು’ ಎಂದು ಒಂದು ಬಟ್ಟೆಯೂ ಅವನ ಅಂಗಡಿಗೆ ವಾಪಸು ಬಂದದ್ದಿಲ್ಲ.

ಇನ್ನು ನನ್ನ ತಂಗಿ. ಅವಳು ರೈಲು ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುತ್ತಾಳೆ. ಯಾವ ರೈಲು ಎಷ್ಟು ಗಂಟೆಗೆ, ಇಳಿದ ಮೇಲೆ ಯಾವ ಬಸ್ಸು, ಎಲ್ಲವೂ ನಾಲಿಗೆಯ ತುದಿಯಲ್ಲಿ. ದಿನಕ್ಕೆ ಆರುನೂರು ಜನರಿಗೆ ಉತ್ತರ ಹೇಳಿ ಮನೆಗೆ ಬಂದವಳು ಬಾಗಿಲಲ್ಲಿ ಚಪ್ಪಲಿಯ ಜೊತೆ ವೇಳಾಪಟ್ಟಿಯನ್ನೂ ಬಿಟ್ಟುಬಿಡುತ್ತಾಳೆ. ಮನೆಯಲ್ಲಿ ಯಾರೂ ಅವಳನ್ನು ರೈಲಿನ ಸಮಯ ಕೇಳಕೂಡದು. ಮದುವೆಯಾದ ಹೊಸದರಲ್ಲಿ ಟೈಲರು ಒಂದೇ ಒಂದು ಸಲ ಕೇಳಿದ್ದ. “ಕ್ಯೂನಲ್ಲಿ ಬನ್ನಿ” ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳಂತೆ. ಮತ್ತೆ ಕೇಳಲಿಲ್ಲ.

ತಗಡಿನ ಹಕ್ಕಿಗಳ ಊರಿಗೊಮ್ಮೆ ಹೋಗಬೇಕು ಎನ್ನುವುದು ಅವನ ಜೀವಮಾನದ ಆಸೆ. ಹೆಂಡತಿಯನ್ನು ಕೇಳುವಂತಿಲ್ಲವಲ್ಲ, ಆದ್ದರಿಂದ ತನಗೆ ಗೊತ್ತಿದ್ದ ವಿದ್ಯೆಯಲ್ಲೇ ಆ ಪ್ರಯಾಣವನ್ನು ಈವರೆಗೆ ಆರು ಸಲ ಅಳತೆ ಹಾಕಿದ್ದ. ಆರು ಸಲವೂ ಬಟ್ಟೆ ಸಾಲದು ಎಂದು ಕೈಬಿಟ್ಟಿದ್ದ. ಆ ಊರು ಚಂದ್ರನಿಗಿಂತ ಒಂದು ಸ್ಟೇಷನ್ ಆಚೆ ಇದೆ ಎಂದೇ ನಾವೆಲ್ಲ ನಂಬಿದ್ದೆವು.

ಏಳನೆಯ ಸಲ ಮಾತ್ರ ಕೈಬಿಡುವ ಹಾಗಿರಲಿಲ್ಲ. ಒಂದು ಸಂಜೆ ಕಾಫಿಗೆಂದು ಅವರ ಮನೆಗೆ ಹೋದೆ. ಟೈಲರು ಪತ್ರಿಕೆಯ ಒಂದು ಚೂರನ್ನು ನನ್ನ ಮೂಗಿಗೆ ಹಿಡಿದ.

“ಓದಿ ಭಾವ. ಶೆಡ್ಡು ಕೆಡವ್ತಾರಂತೆ!”

ಆ ನಾಲ್ವರೂ ಹುಡುಗರಾಗಿದ್ದಾಗ ಹಿಟ್ಟಿನ ಗಿರಣಿಯೊಂದರ ಹಿಂದಿನ ತಗಡಿನ ಶೆಡ್ಡಿನಲ್ಲಿ ಹಾಡು ಕಲಿತರಂತೆ. ಬ್ಯಾಂಡಿಗೆ ಆ ಹೆಸರು ಬಂದದ್ದೂ ಅಲ್ಲಿಂದಲೇ. ಮುಂದಿನ ಭಾನುವಾರ ಶೆಡ್ಡು ನೆಲಸಮ. ಅದಕ್ಕೂ ಮೊದಲು, ಶನಿವಾರ ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ, ನೋಡಬೇಕೆನ್ನುವವರಿಗೆ ಗಿರಣಿಯ ಯಜಮಾನಿ ಬಾಗಿಲು ತೆರೆದಿಡುತ್ತಾಳಂತೆ. ಆಮೇಲೆ ಇಲ್ಲ.

“ಗುರುವಾರ ಸಂಜೆಗೆ ಕೈಯಲ್ಲಿರೋ ಕೋಟುಗಳು ಮುಗೀತವೆ. ಶುಕ್ರವಾರ ಬೆಳಗ್ಗೆ ಆರಕ್ಕೆ ಬಿಟ್ರೆ ಭಾನುವಾರ ಸಂಜೆ ಆರಕ್ಕೆ ವಾಪಸ್. ಅರವತ್ತು ಗಂಟೆ. ನನ್ನ ಟೇಪೂ ಅರವತ್ತು ಇಂಚು. ಗಂಟೆಗೊಂದು ಇಂಚು ಭಾವ, ಹೇಳಿ ಮಾಡಿಸಿದ ಹಾಗಿದೆ!”

ಹಜಾರದ ನೆಲದ ಮೇಲೆ ಟೇಪು ಉದ್ದಕ್ಕೆ ಮಲಗಿತ್ತು. ಪಕ್ಕದಲ್ಲಿ ಕಂದು ಕಾಗದದ ತುಂಡುಗಳು, ತೋಳು ಕಾಲರು ಕತ್ತರಿಸಿಟ್ಟ ಹಾಗೆ, ಒಂದಕ್ಕೊಂದು ಅಂಟಿಕೊಂಡು ಸಾಲಾಗಿದ್ದವು. ಒಂದೊಂದರ ಮೇಲೂ ಸೀಮೆಸುಣ್ಣದ ಬರಹ: ರೈಲು, ಬಸ್ಸು, ನಿದ್ದೆ. ಒಂದೊಂದರ ಆ ಕಡೆ ಈ ಕಡೆ, ಪ್ಯಾಂಟಿಗೆ ಬಿಟ್ಟ ಹಾಗೆ, ಒಳಬಟ್ಟೆ ಬೇರೆ. ರೈಲು ತಡವಾದರೆ ಎಂದು ಐದು ಇಂಚು. ಬಸ್ಸು ಕೆಟ್ಟರೆ ನಾಲ್ಕು. ದಾರಿ ತಪ್ಪಿದರೆ ಮೂರು. ದಾರಿ ಹೇಳಿದವನೇ ತಪ್ಪು ಹೇಳಿದ್ದರೆ ಇನ್ನೂ ಎರಡು. ಮನುಷ್ಯ ಯುದ್ಧಕ್ಕೆ ಹೊರಟಿದ್ದರೂ ಇಷ್ಟು ಬಿಡುತ್ತಿರಲಿಲ್ಲ.

ಅವನು ಮಾತ್ರ ಏಳು ಇಂಚಿನ ಒಂದು ತುಂಡನ್ನು ಕೈಯಲ್ಲಿ ಹಿಡಿದುಕೊಂಡು, ಸೀಟು ಸಿಗದ ಪ್ರಯಾಣಿಕನ ಹಾಗೆ ನಿಂತಿದ್ದ.

“ಅದ್ಯಾವುದಯ್ಯಾ?”

“ಇದು ಶೆಡ್ಡು, ಭಾವ. ಹತ್ತರಿಂದ ಐದು. ಇದಕ್ಕೇ ಜಾಗ ಸಿಕ್ತಾ ಇಲ್ಲ.”

ಬಗ್ಗಿ ನೋಡಿದೆ. ಹೋಗುವ ದಾರಿ ಮೂವತ್ನಾಲ್ಕು ಇಂಚು, ಬರುವ ದಾರಿ ಇಪ್ಪತ್ತೆಂಟು. ಶೆಡ್ಡು ಹಾಗಿರಲಿ, ದಾರಿಯೇ ಟೇಪು ದಾಟಿ ಎರಡು ಇಂಚು ಸೋಫಾದ ಕೆಳಗೆ ನುಗ್ಗಿತ್ತು.

ಅಷ್ಟರಲ್ಲಿ ತಂಗಿ ಕೆಲಸ ಮುಗಿಸಿ ಬಂದಳು. ಬಾಗಿಲಲ್ಲೇ ನಿಂತು ನೆಲವನ್ನು ಈ ತುದಿಯಿಂದ ಆ ತುದಿಗೆ ಓದಿದಳು.

“ಏನ್ರೀ ಇದು? ಯಾರಿಗೆ ಹೊಲೀತಿದ್ದೀರಾ, ಹೆಬ್ಬಾವಿಗಾ?”

“ಏನಿಲ್ಲ ಬಿಡೇ,” ಎಂದು ಅವನು ಏಳು ಇಂಚನ್ನು ಬೆನ್ನ ಹಿಂದೆ ಮುಚ್ಚಿಟ್ಟ.

ಅವಳು ಬಿಡಲಿಲ್ಲ. ಮಂಡಿಯೂರಿ ಲೆಕ್ಕ ಹಾಕಿದಳು. ಆಮೇಲೆ ತಲೆ ಎತ್ತಿ, ಕಿಟಕಿಯಲ್ಲಿ ಕೂತಾಗಿನ ದನಿಯಲ್ಲಿ ಹೇಳಿದಳು: “ರೀ, ನೀವು ಶನಿವಾರ ನಾಲ್ಕು ಗಂಟೆಗೆ ಶೆಡ್ಡು ಮುಟ್ತೀರಿ. ವಾಪಸ್ ಹೊರಡಬೇಕಾಗಿರೋದು ಎರಡು ಗಂಟೆಗೆ. ಹೋಗೋಕೆ ಮುಂಚೆನೇ ಅಲ್ಲಿಂದ ಬಂದುಬಿಡ್ತೀರಲ್ರೀ!”

ನಾನು ನಕ್ಕು ಕಾಫಿ ಚೆಲ್ಲಿಕೊಂಡೆ. ಅವನು ನಗಲಿಲ್ಲ. “ಆರು ಸಲಾನೂ ಹೀಗೇ ಆಗಿದ್ದು,” ಎಂದ, ಮೆಲ್ಲಗೆ. “ಈ ಸಲ ಹೋಗ್ಲಿಲ್ಲ ಅಂದ್ರೆ ಹೋಗೋಕೆ ಜಾಗಾನೇ ಇರಲ್ಲ.”

ತಂಗಿ ಒಂದು ಗಳಿಗೆ ಅವನ ಮುಖ ನೋಡಿದಳು. ಮನೆಯ ಕಾನೂನು ಮುರಿಯಲು ಅವಳಿಗೆ ಅಷ್ಟು ಹೊತ್ತೇ ಹಿಡಿದದ್ದು.

“ಬೆಳಗ್ಗೆ ಎಂಟಕ್ಕೆ ರೈಲು. ಮೂರಕ್ಕೆ ಜಂಕ್ಷನ್. ನಾಲ್ಕಕ್ಕೆ ಬಸ್ಸು. ಸಂಜೆ ಆರಕ್ಕೆ ನಿಮ್ಮ ಹಕ್ಕಿಗಳ ಊರು.”

ಟೈಲರು ಟೇಪಿನ ಮೇಲೆ ಬೆರಳಿಟ್ಟು ಹತ್ತು ಇಂಚು ಎಣಿಸಿದ. “ಅದೇ ದಿನಾನಾ?”

“ಇಲ್ಲ, ಹಿಂದಿನ ದಿನ! ಕೊಡಿ ಇಲ್ಲಿ ಕತ್ತರಿ.”

ಆಮೇಲೆ ನಡೆದದ್ದು ಕಣ್ಣಲ್ಲಿ ನೋಡುವ ಹಾಗಿರಲಿಲ್ಲ. ಅವಳು ಒಂದೊಂದೇ ಒಳಬಟ್ಟೆ ಕತ್ತರಿಸುತ್ತಾ ಹೋದಳು. ಅವನು ಪ್ರತಿ ಕತ್ತರಿಗೂ ತನ್ನ ಬೆರಳೇ ಹೋದಂತೆ ‘ಅಯ್ಯೋ’ ಎಂದ.

“ಹುಷಾರು ಕಣೇ! ಒಳಗೆ ಸ್ವಲ್ಪನಾದ್ರೂ ಬಿಡಬೇಕು. ನಾಳೆ ದಪ್ಪ ಆದ್ರೆ?”

“ರೈಲು ದಪ್ಪ ಆಗಲ್ಲ ರೀ.”

“ತಡ ಆಗುತ್ತಲ್ಲ! ಅದು ದಪ್ಪ ಆಗೋದಲ್ದೆ ಇನ್ನೇನು?”

“ಆದ್ರೆ ಮುಂದಿನ ಬಸ್ಸು. ಅದು ತಪ್ಪಿದ್ರೆ ಅದರ ಮುಂದಿನದು. ಪ್ರಪಂಚದಲ್ಲಿ ಒಂದೇ ಬಸ್ಸಿದೆ ಅಂದ್ಕೊಂಡ್ರಾ?”

ಅವನಿಗೆ ಅದು ಹೊಳೆದೇ ಇರಲಿಲ್ಲ. ಬಟ್ಟೆ ಒಮ್ಮೆ ಕತ್ತರಿಸಿದರೆ ಮುಗಿಯಿತು, ಮುಂದಿನ ಬಟ್ಟೆ ಹತ್ತು ನಿಮಿಷಕ್ಕೆ ತಾನಾಗಿ ಬರುವುದಿಲ್ಲ. ಆ ಕಸುಬಿನವನಿಗೆ ಬಸ್ಸಿನ ವಿಷಯ ಎಲ್ಲಿಂದ ಹೊಳೆಯಬೇಕು? ಕೊನೆಗೆ ಅಂಗಲಾಚಿ ಒಂದೇ ಒಂದು ಇಂಚು ಉಳಿಸಿಕೊಂಡ: ಎಂಟರ ರೈಲಿಗೆ ಏಳಕ್ಕೇ ನಿಲ್ದಾಣದಲ್ಲಿರುವುದು. ಏಳು ಇಂಚಿನ ಶೆಡ್ಡನ್ನು ತಂಗಿ ಅವನ ಕೈಯಿಂದ ತೆಗೆದು ಸಾಲಿನ ನಡುವೆ ಇಟ್ಟಳು. ಅದು ಕೈಕಾಲು ಚಾಚಿ ಕೂತಿತು. ಅಕ್ಕಪಕ್ಕ ಇನ್ನೂ ಬೇಕಾದಷ್ಟು ಖಾಲಿ ಇತ್ತು.

“ನಾನೂ ಬರ್ತೀನಿ,” ಎಂದಳು. “ಇವರನ್ನ ಒಬ್ಬರನ್ನೇ ಬಿಟ್ರೆ ಪ್ಲಾಟ್‌ಫಾರಂ ಮೇಲೇ ಸಂಸಾರ ಹೂಡ್ತಾರೆ ಅಣ್ಣ.”

ಮುಂದಿನದನ್ನು ಅವಳೇ ಹೇಳಿದ್ದು. ರೈಲು ಒಂದು ಗಂಟೆ ಹತ್ತು ನಿಮಿಷ ತಡವಾಯಿತು. ಟೈಲರು ಸೀಟಿನಿಂದ ಎದ್ದು ನಿಂತು “ನೋಡಿದ್ಯಾ, ದಪ್ಪ ಆಯ್ತು!” ಎಂದು ಕೂಗಿದಾಗ ಎದುರಿಗೆ ಕೂತಿದ್ದ ಸ್ಥೂಲಕಾಯದ ಹೆಂಗಸೊಬ್ಬಳು ಜಂಕ್ಷನ್ ಬರುವವರೆಗೂ ಮುಖ ಗಂಟು ಹಾಕಿಕೊಂಡಿದ್ದಳಂತೆ. ನಾಲ್ಕರ ಬಸ್ಸು ಹೋಗಿತ್ತು. “ಐದೂವರೆಗೆ ಇನ್ನೊಂದಿದೆ, ಕೂತ್ಕೊಳ್ಳಿ,” ಎಂದಳು ತಂಗಿ. ಐದೂವರೆಗೆ ನಿಜವಾಗಿ ಇನ್ನೊಂದು ಬಂತು. ಅವನು ಅದನ್ನು ಮುಟ್ಟಿ ನೋಡಿ ಹತ್ತಿದನಂತೆ.

ಶನಿವಾರ ಹತ್ತಕ್ಕೆ ಗಿರಣಿಯ ಯಜಮಾನಿ ಅಜ್ಜಿ ಶೆಡ್ಡಿನ ಬೀಗ ತೆಗೆದಳು. ಒಳಗೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ: ಮುರುಕು ಬೆಂಚು, ಗೋಡೆಯಲ್ಲಿ ಗಿಟಾರು ತೂಗುಹಾಕುತ್ತಿದ್ದ ಮೂರು ಮೊಳೆ, ತಗಡಿನ ತೂತುಗಳಿಂದ ನೆಲಕ್ಕೆ ಬಿದ್ದ ಬಿಸಿಲಿನ ಚುಕ್ಕೆಗಳು, ಎಲ್ಲದರ ಮೇಲೂ ಹಿಟ್ಟಿನ ಧೂಳು. ಬಂದವರೆಲ್ಲ ಫೋಟೋ ತೆಗೆದುಕೊಂಡು ಹತ್ತು ನಿಮಿಷಕ್ಕೆ ಹೊರಟರು. ಇವನು ಬೆಂಚಿನ ಗಟ್ಟಿ ಇರುವ ತುದಿ ಹುಡುಕಿ ಕೂತ. ಕೂತವನು ಬಿಸಿಲಿನ ಚುಕ್ಕೆಗಳು ಈ ಗೋಡೆಯಿಂದ ಆ ಗೋಡೆಗೆ ಹೋದರೂ ಏಳಲಿಲ್ಲ. ತಂಗಿ ಬೇಸರ ಬಂದು ಊರು ಸುತ್ತಿ, ಬಸ್ಸು ನಿಲ್ದಾಣದವರಿಗೆ ಅವರ ಫಲಕದಲ್ಲಿದ್ದ ಎರಡು ತಪ್ಪು ತೋರಿಸಿ ಜಗಳ ಮುಗಿಸಿ ಬಂದರೂ ಅವನು ಅಲ್ಲೇ ಇದ್ದ.

ಐದಾಯಿತು. ಅಜ್ಜಿ ಬೀಗ ಹಿಡಿದು ಬಾಗಿಲಿಗೆ ಬಂದಳು.

“ಏಳಪ್ಪ, ಹೊತ್ತಾಯ್ತು.”

“ಒಂದೇ ನಿಮಿಷ ಅಜ್ಜಿ.”

ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಆ ನಾಲ್ಕು ಕೋತಿಗಳೂ ಇದನ್ನೇ ಹೇಳೋವು. ನಾನು ಏಳ್ರೋ ಅನ್ನೋದು, ಅವು ‘ಒಂದೇ ನಿಮಿಷ ಅಜ್ಜಿ’ ಅನ್ನೋದು. ಆಗಿನ್ನೂ ನಾನು ಅಜ್ಜಿನೂ ಆಗಿರ್ಲಿಲ್ಲ!”

ಟೈಲರ ಕಿವಿ ಎರಡೂ ಕೆಂಪಗಾದವಂತೆ. ತಕ್ಷಣ ಎದ್ದ. ಹೊರಗೆ ಬಂದು ಅಜ್ಜಿಯ ಕೈಯಿಂದ ಬೀಗ ಇಸಿದುಕೊಂಡು, ತಾನೇ ಬಾಗಿಲೆಳೆದು ಹಾಕಿ, ಭದ್ರವಾಗಿದೆಯೇ ಎಂದು ಎರಡು ಸಲ ಜಗ್ಗಿ ನೋಡಿದ. ಬೆಳಗಾದರೆ ಕೆಡವುವ ಶೆಡ್ಡಿಗೆ ಬೀಗ ಯಾಕೆ ಎಂದು ಅಲ್ಲಿದ್ದ ಮೂವರಲ್ಲಿ ಒಬ್ಬರೂ ಕೇಳಲಿಲ್ಲ.