ಎಮಿನೆಗೆ ಊಟ ಆಯ್ತಾ

ಬೆಳಿಗ್ಗೆ ಗ್ರೇಡಿಂಗ್ ಮಾಡಾಣ ಅಂತ ಹೊಗೆಸೊಪ್ಪಿನ ಕೊನೇ ಗೋಣಿತಾಟು ಬಿಚ್ಚಿದೆ. ಅರ್ಧ ಬೆಲ್ಲ, ಅರ್ಧ ಒಣದ್ರಾಕ್ಷಿ ಅನ್ನೋ ಅಂಗೆ ಬೆಂದ ಎಲೆ ವಾಸನೆ ಮೂಗಿಗೆ ಬಡೀತು. ಈ ವಾಸನೆಗೆ ಬೇರೆಯವ್ರಿಗೆ ಸೀನು ಬತ್ತದೆ. ನನಗೆ ತುರ್ಕಿ ಭಾಷೆ ಗ್ಯಾಪಕಕ್ಕೆ ಬತ್ತದೆ. ನಗಬೇಡಿ ಕಣ್ರೀ, ಏಳ್ತೀನಿ ಕೇಳಿ. ಫೋನಲ್ಲಿ ಟೈಪು ಮಾಡೋದು ಕಲ್ತು ಇನ್ನೂ ವರ್ಷ ತುಂಬಿಲ್ಲ. ನನ್ನ ಬಾಯಲ್ಲಿ ಹಕಾರ ನಿಲ್ಲಾಕಿಲ್ಲ, ಫೋನು ಅಲ್ಲಲ್ಲಿ ತಾನೇ ಸೇರಿಸ್ಬುಡ್ತದೆ. ಸೇರಿಸಿದ್ದು ಅದರ ಪಾಲು, ಬುಟ್ಟಿದ್ದು ನನ್ನ ಪಾಲು ಅಂತ ಓದ್ಕೊಳಿ.

ಓದ್ಸಲ ಸೊಪ್ಪು ಬೇಯಿಸೋ ಬ್ಯಾರನ್ನಿಗೆ ಬೆಂಕಿ ಹಾಕೋ ಕಾಲದಲ್ಲಿ, ಹಾರನಹಳ್ಳಿ ತಾವಿರೋ ನಮ್ಮೂರಿಗೆ ತುರ್ಕಿ ದೇಶದಿಂದ ಎಲಿಫ್ ಅನ್ನೋ ಹುಡುಗಿ ಬಂದಿದ್ಲು. ಹೊಗೆಸೊಪ್ಪು ಬೆಳೆಯೋ ಹೆಂಗಸ್ರ ಬಗ್ಗೆ ಏನೋ ಬರೀಬೇಕಂತೆ. ಎರಡು ತಿಂಗಳು ನಮ್ಮನೇಲೇ ಉಳಿದು, ಕಡ್ಡಿಗೆ ಎಲೆ ಕಟ್ಟೋದು ಕಲ್ತು, ಮುದ್ದೆ ನುಂಗೋದು ಕಲ್ತು, ನಮ್ಮ ಸೊಸೆ ಸುಧನ ಜೊತೆ ಇಂಗ್ಲಿಷಲ್ಲಿ ಅರಟ್ಕೊಂಡು ಇದ್ಲು. ಒಂದಿನ ಊರಲ್ಲಿರೋ ಅವರಜ್ಜಿಗೆ ವಿಡಿಯೋ ಕಾಲು ಮಾಡಿ ಫೋನ್ನ ನನ್ನ ಮುಖಕ್ಕೆ ಇಡಿದ್ಲು. ಅಜ್ಜಿ ಹೆಸ್ರು ಎಮಿನೆ. ನನ್ನ ವಾರಿಗೆಯೋಳೇ. ಅವಳ ಮಾತು ನನಗೆ ತಿಳೀದು, ನನ್ನ ಮಾತು ಅವಳಿಗೆ ತಿಳೀದು. ಸುಮ್ಕೆ ಎಷ್ಟೊತ್ತು ಅಂತ ಹಲ್ಲು ಕಿರ್ಕೊಂಡು ಕೂರಾದು? ಆಗ ಎಮಿನೆ ಎರಡೂ ಕೈ ಎತ್ತಿ ತೋರಿಸಿದ್ಲು. ಬೆರಳ ಸಂದೀಲೆಲ್ಲ ಕರ್ರಗೆ ಹೊಗೆಸೊಪ್ಪಿನ ಅಂಟು. ಅವರ ಕಡೆ ಸೂಜೀಲಿ ಎಲೆ ಪೋಣಿಸಿ ಬಿಸಿಲಿಗೆ ಒಣಗಾಕ್ತಾರಂತೆ, ಹುಡುಗಿ ಆಗಿದ್ದಾಗಿಂದ ಅದೇ ಕೆಲಸವಂತೆ. ನಾನೂ ಕೈ ಎತ್ತಿ ತೋರಿಸ್ದೆ. ಸೋಪಿಗೆ ಬಗ್ಗದ ಅದೇ ಕರಿ. ಇಬ್ಬರೂ ಬೋ ಹೊತ್ತು ಕೈ ನೋಡ್ಕೊಂಡು ಕೂತಿದ್ವಿ.

ಎಲಿಫ್ ಓಗೋ ಮುಂಚೆ ನನ್ನ ಫೋನಿಗೆ ಭಾಷೆ ಕಲಿಸೋ ಆಟ ಒಂದು ಹಾಕ್ಕೊಟ್ಲು. ಎಮಿನೆ ನಂಬರೂ ಕೊಟ್ಲು. ಬರೆದಿದ್ದನ್ನ ಕನ್ನಡಕ್ಕೆ ತಿರುಗಿಸೋ ಗುಂಡೀನೂ ತೋರಿಸಿದ್ಲು, ನಾನು ಬೇಡ ಅಂದೆ. ಏಳನೇ ಕ್ಲಾಸು ಪಾಸಾದೋಳು ನಾನು, ಇಂಗ್ಲಿಷ್ ಅಕ್ಷರ ಬತ್ತದೆ, ಸ್ವಂತಕ್ಕೆ ಮಾತಾಡ್ತೀನಿ ಅನ್ನೋ ಜಂಬ.

ತುರ್ಕಿಯೋರ ಮಾತು ಬಾಲದ ಮಾತು ಕಣ್ರೀ. ‘ಎವ್’ ಅಂದ್ರೆ ಮನೆ. ‘ಎವ್‌ಲೆರ್’ ಅಂದ್ರೆ ಮನೆಗಳು. ‘ಎವ್‌ಲೆರಿಮ್’ ಅಂದ್ರೆ ನನ್ನ ಮನೆಗಳು. ‘ಎವ್‌ಲೆರಿಮ್‌ದೆ’ ಅಂದ್ರೆ ನನ್ನ ಮನೆಗಳಲ್ಲಿ. ಇರೋ ಒಂದು ಮನೆ ಸೂರೇ ಸೋರ್ತಾ ಅದೆ, ನಾನು ದಿನಾ ಕೂತು ನನ್ನ ಮನೆಗಳಲ್ಲಿ, ನನ್ನ ಮನೆಗಳಿಂದ ಅಂತ ಬರೀತಿದ್ದೆ. ಈ ಬಾಲ ಕಟ್ಟೋದು ನನಗೇನು ಕಷ್ಟ ಆಗಲಿಲ್ಲ. ನಾವೂ ಕಟ್ಟಿಸ್ಕೊಂಡಿದ್ದೋಳಿಗೇನೆ ಅಂತ ಒಂದೇ ಉಸುರಲ್ಲಿ ಅಂತೀವಲ್ಲ, ಅದನ್ನ ಬಿಡಿಸಿ ಎಣಿಸ್ನೋಡಿ, ಬಾಲ ಎಷ್ಟವೆ ಅಂತ.

ಕಷ್ಟ ಕೊಟ್ಟಿದ್ದು ಸ್ವರ. ಎವ್ ಆದ್ರೆ ‘ಲೆರ್’ ಅನ್ಬೇಕು. ಅದೇ ಕುದುರೆ ಆದ್ರೆ, ಅವರು ‘ಅತ್’ ಅಂತಾರೆ, ಅದಕ್ಕೆ ‘ಲಾರ್’ ಅನ್ಬೇಕು. ಮುಂದಿರೋ ಸ್ವರ ಎಂಗೋ ಹಿಂದೆ ಬರೋ ಬಾಲದ ಸ್ವರಾನೂ ಅಂಗೆ. ಯಾಕೆ ಅಂದ್ರೆ ಆಟದ ಗೊಂಬೆ ಏಳಲ್ಲ, ತಪ್ಪಾದ್ರೆ ಮೂತಿ ತಿರುವ್ತದೆ ಅಷ್ಟೆ. ಒಂದಿನ ಎಲೆ ಆರಿಸ್ತಾ ಕೂತಿದ್ದಾಗ ತಟ್ಟಂತ ತಲೆಗೆ ಓಯ್ತು. ಇದು ಗ್ರೇಡಿಂಗು. ಹಳದಿ ಎಲೆ ಹಳದಿ ಗುಡ್ಡೆಗೆ, ಕೆಂಪೆಲೆ ಕೆಂಪು ಗುಡ್ಡೆಗೆ. ನಾನು ಹೊಸಾ ಸೊಸೆ ಆಗಿದ್ದಾಗ ಒಳ್ಳೆ ಹಳದಿ ಗುಡ್ಡೇಲಿ ಒಂದು ಹಸುರು ತಿರುಗಿದ ಎಲೆ ಸೇರಿಸ್ಬುಟ್ಟೆ ಅಂತ ನಮ್ಮತ್ತೆ ಇಡೀ ಗುಡ್ಡೇನ ನನ್ನ ಮಡಿಲಿಗೆ ಸುರಿದು, ಮತ್ತೆ ಆರ್ಸು ಅಂದಿದ್ರು. ಎ, ಇ ಒಂದು ಗುಡ್ಡೆ. ಅ, ಒ, ಉ ಇನ್ನೊಂದು ಗುಡ್ಡೆ. ಆವತ್ತಿಂದ ಗೊಂಬೆ ಮೂತಿ ತಿರುಗ್ಸೋದು ಕಮ್ಮಿ ಆಯ್ತು.

ಆದ್ರೂ ತಪ್ತಿದ್ದೆ. ನಾನು ‘ಎವ್‌ಲಾರ್’ ಅಂತ ಬರೆದ್ರೆ, ಎಮಿನೆ ತಪ್ಪು ಅಂತ ಎಂದೂ ಅನ್ನೋಳಲ್ಲ. ಅವಳ ಉತ್ತರದಲ್ಲಿ ಅದೇ ಪದ ‘ಎವ್‌ಲೆರ್’ ಅಂತ ಸರಿಯಾಗಿ ಕೂತಿರೋದು. ನಾನು ನೋಡ್ಕೊಂಡು ಬಾಯ್ಮುಚ್ಕೊಂಡು ತಿದ್ಕೊಳ್ಳೋದು. ನಮ್ಮತ್ತೇನೂ ಇಂಗೇ ಕಲಿಸಿದ್ದಿದ್ರೆ ನಾನು ಏನೇನು ಕಲೀತಿದ್ನೋ.

ದಿನಾ ನಮ್ಮ ಎರಡೂವರೆಗೆ, ಅಲ್ಲಿ ಹನ್ನೆರಡು ಗಂಟೆ, ನಾನು ಕೇಳೋ ಮಾತು ಒಂದೇ. ‘ಯೆಮೆಕ್ ಯೆದಿನ್ ಮಿ?’ ಊಟ ಆಯ್ತಾ? ಮನುಷ್ಯರು ಮನುಷ್ಯರನ್ನ ಇನ್ನೇನು ಕೇಳ್ತಾರೆ? ಅವಳು ‘ಯೆದಿಂ’ ಅಂತ ಬರೆಯೋಳು, ಆಯ್ತು ಅಂತ. ಇಂಗೆ ಸುಖವಾಗಿ ನಡೀತಿತ್ತು. ಶಿವರಾತ್ರಿ ಉಪವಾಸ ಮುಗಿಸಿ ಮೂರ್ನಾಕು ದಿನಕ್ಕೆ ಉತ್ತರ ಬದಲಾಯ್ತು. ‘ಯೆಮೆದಿಂ, ಒರುಚ್ಲುಯುಮ್.’ ಮೊದಲ್ನೇ ಪದ ಗೊತ್ತಿತ್ತು, ತಿಂದಿಲ್ಲ ಅಂತ. ಎರಡನೇದ್ರಲ್ಲಿ ಬಾಲ ಎರಡೂ ಬಿಡಿಸ್ದೆ. ‘ಲು’ ಅಂದ್ರೆ ಉಳ್ಳ, ‘ಯುಮ್’ ಅಂದ್ರೆ ನಾನು. ನಾನು ಏನೋ ಉಳ್ಳವಳು. ಏನು ಉಳ್ಳವಳು? ಬಾಲ ಸಿಕ್ತು, ತಲೆ ಸಿಗಲಿಲ್ಲ. ಹೊಟ್ಟೆಗಿಲ್ಲದೋಳು ಇನ್ನೇನು ಉಳ್ಳೋಳಾಗಿರ್ತಾಳೆ, ಸಂಕಟ ಉಳ್ಳೋಳು ಅಂತ ನಾನೇ ತಲೆ ಅಂಟಿಸ್ದೆ.

ಮಾರನೇ ದಿನಾನೂ ಅದೇ. ಅದರ ಮಾರನೇ ದಿನಾನೂ ಅದೇ. ಆ ಮನೇಲಿ ಮಗ, ಸೊಸೆ ಅವ್ರೆ ಅಂತ ಎಮಿನೆ ಒಂದ್ಸಲ ಬರೆದಿದ್ಲು. ನನಗೆ ಅರ್ಥ ಆಗೋಯ್ತು ಕಣ್ರೀ. ನಾನು ಈ ಮನೆಗೆ ಬಂದ ಹೊಸದ್ರಲ್ಲಿ ಎಲ್ಲರೂ ಉಂಡು, ಆಳುಗಳೂ ಉಂಡು, ಮಡಕೆ ತಳ ಕೆರೆದು ಉಣ್ತಿದ್ದೋಳು. ಬಾಗಿಲಲ್ಲಿ ಓಗೋರ್ನೆಲ್ಲ ಕರೆದು ಊಟ ಆಯ್ತಾ ಅಂತ ಕೇಳ್ತಿದ್ದ ನಮ್ಮತ್ತೆ, ಒಳಗಿದ್ದ ನನ್ನ ಒಂದಿನಾನೂ ಕೇಳಲಿಲ್ಲ. ಹಸಿದು ಕೂತೋರ ಕಷ್ಟ ನನಗೆ ಪಾಠ ಮಾಡ್ಬೇಕಾ? ಎಂಟನೇ ದಿನ ರೇಗೋಯ್ತು. ಎರಡು ಗಂಟೆ ಕೂತು ಬರೆದೆ. ‘ಸೊಸೆ ಊಟ ಕೊಡ್ತಾ ಇಲ್ವಾ? ಸೊಸೆ ಕೆಟ್ಟೋಳು.’ ಒಂದೊಂದು ಬಾಲ ಆರಿಸಿ, ಸ್ವರಕ್ಕೆ ಸ್ವರ ಕೂಡಿಸಿ, ಚುಕ್ಕಿ ಬಿಡದಂಗೆ ಇಟ್ಟೆ. ನನ್ನ ತುರ್ಕಿ ವಿದ್ಯೇಲಿ ತಪ್ಪಿಲ್ಲದೆ ಬರೆದ ಮೊದಲ್ನೇ ಮಾತು ಅದು. ಕಳ್ಸಿ, ಬೀಗ್ತಾ ಕಾಫಿ ಕುಡಿದೆ.

ಉತ್ತರ ಬರಲಿಲ್ಲ. ಮೂರು ದಿನ ಬರಲಿಲ್ಲ.

ನಾಲ್ಕನೇ ದಿನ ಹುಣಸೂರಿಗೆ ಓಗಿದ್ದೆ. ನಲವತ್ತು ವರ್ಷದಿಂದ ನಾನು ಬಳೆ ತೊಡೋದು ಜುಬೇದಾನ ಅಂಗಡೀಲೇ. ಇಬ್ಬರಿಗೂ ಕಾಫಿ ತರಿಸ್ದೆ. ಅವಳು ಲೋಟ ನನ್ನ ಕಡೇಕೇ ತಳ್ಳಿ ನಕ್ಕಳು. “ನೀನು ಕುಡಿ ಕಣಮ್ಮ. ರಂಜಾನ್ ಅಲ್ವಾ, ರೋಜಾ ಇಡಿದೀನಿ.”

ನಾನು ಕುಡೀತಿದ್ದ ಲೋಟ ಕೆಳಗಿಟ್ಟೆ. ತುರ್ಕಿಯೋರೂ ರಂಜಾನ್ ಮಾಡ್ತಾರಾ ಅಂತ ಕೇಳ್ದೆ. ಜುಬೇದಾ ನನ್ನ ಮುಖಾನೇ ನೋಡಿದ್ಲು. ಮತ್ತೆ ಅವರೇನು ಮಾದೇಶ್ವರನ ಒಕ್ಕಲಾ ಅಂದ್ಲು. ಸಿಗದೆ ಇದ್ದ ತಲೆ ಆಗ ಸಿಕ್ತು, ‘ಒರುಚ್’ ಅಂದ್ರೆ ಉಪವಾಸ. ಹನ್ನೊಂದು ದಿನ ಉಪವಾಸ ಕೂತೋಳ್ನ ನಾನು ದಿನಾ ಮಟಮಟ ಮಧ್ಯಾಹ್ನ ಊಟ ಆಯ್ತಾ, ಊಟ ಆಯ್ತಾ ಅಂತ ಪೀಡಿಸಿದೀನಿ. ಸಾಲದ್ದಕ್ಕೆ ಸೊಸೆ ಮೇಲೆ ಚಾಡಿ.

ಮನೆಗೆ ಬಂದು ಸುಧನ ಕೈಲಿ ಎಲಿಫ್‌ಗೆ ಫೋನು ಮಾಡಿಸ್ದೆ. ಇಬ್ಬರೂ ಇಂಗ್ಲಿಷಲ್ಲಿ ಮಾತಾಡಿದ್ರು, ಮೊದ್ಲು ನಕ್ಕರು, ಆಮೇಲೆ ಸುಧನ ನಗು ನಿಂತೋಯ್ತು. ಫೋನಿಟ್ಟು ನನಗೆ ಬಿಡಿಸಿ ಏಳಿದ್ಲು. ಎಮಿನೆಗೆ ಓದಾಕೆ ಬರೆಯಾಕೆ ಬರಲ್ಲವಂತೆ. ಆ ಫೋನು ಸೊಸೇದಂತೆ. ಇಷ್ಟು ದಿನ ನನ್ನ ಮಾತು ಓದಿ ಏಳ್ತಿದ್ದೋಳು, ಎಮಿನೆ ಮಾತು ಕೇಳಿ ಬರೀತಿದ್ದೋಳು ಆ ಸೊಸೆ. ಅವಳೇ ಎಲಿಫ್ ತಾಯಿ. ನನ್ನ ‘ಲಾರ್’ನ ಸದ್ದಿಲ್ಲದೆ ‘ಲೆರ್’ ಮಾಡ್ತಿದ್ದ ಕೈ ಅವಳದ್ದು.

ಕೂತಲ್ಲೇ ಭೂಮಿ ಬಾಯ್ಬುಡಬಾರದಾ ಅನ್ನಿಸ್ತು. ಇನ್ನು ಎಮಿನೆ ನನ್ನ ಜೊತೆ ಎಂಗೆ ಮಾತಾಡ್ತಾಳೆ? ಮಾತು ಓಗಿ ಬರೋ ಬಾಗಿಲಿಗೇ ಕಲ್ಲು ಎಸೆದಿದೀನಲ್ಲ. ಆಯಮ್ಮ ಬಾಗಿಲು ಹಾಕ್ಕೊಂಡ್ರೆ ಅಲ್ಲಿಗೆ ಮುಗೀತು.

ಸುಧ ಸೊಪ್ಪು ಸೋಸ್ತಾ, ತಲೆ ಎತ್ತದೆ ಕೇಳಿದ್ಲು. “ಅತ್ತೆ, ಇಷ್ಟು ತಿಂಗಳಲ್ಲಿ ಆಯಮ್ಮನ ಹೆಸ್ರು ಏನು ಅಂತ ಒಂದ್ಸಲ ಕೇಳಿದೀರಾ?”

ಕೇಳಿರ್ನಿಲ್ಲ. ಅದು ಬರೀ ಆ ಮನೆ ಸೊಸೆ ಮೇಲಿನ ಮಾತಲ್ಲ, ಈ ಮನೆ ಸೊಸೇದೂ ಅದೆ ಅಂತಾನೂ ತಿಳೀತು, ತಿಳೀದೋಳಂಗೆ ಎದ್ದೋದೆ.

ಆ ಸಂಜೆ ಬರೆದೆ. ತಪ್ಪು ನಂದು. ಉಪವಾಸ ಅಂತ ಗೊತ್ತಿರಲಿಲ್ಲ. ನಿನ್ನ ಹೆಸ್ರೇನು? ಅದ್ರಲ್ಲಿ ಸ್ವರ ಎಲ್ಲೆಲ್ಲಿ ಎಡವಿತ್ತೋ ನೋಡ್ಲೂ ಇಲ್ಲ.

ನೆನ್ನೆ ಉತ್ತರ ಬಂತು. ಉದ್ದಕ್ಕಿತ್ತು. ಈ ಸಲ ಜಂಬ ಪಕ್ಕಕ್ಕಿಟ್ಟು ತಿರುಗಿಸೋ ಗುಂಡಿ ಒತ್ತಿದೆ. ಫೋನು ಅದರ ಪುಸ್ತಕದ ಕನ್ನಡದಲ್ಲಿ ಇಂಗೆ ಏಳ್ತು. “ನನ್ನ ಹೆಸರು ನುರ್ಗುಲ್. ನೀವು ಬರೆದದ್ದನ್ನು ಒಂದಕ್ಷರ ಬಿಡದೆ ಅತ್ತೆಗೆ ಓದಿದೆ. ಅವರು ನಕ್ಕರು. ನಾನು ನಗಲಿಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ ಇದೆ. ಉಪವಾಸ ಬೇಡ ಎಂದು ಡಾಕ್ಟರು ಹೇಳಿದ್ದಾರೆ. ದಿನವೂ ಮಧ್ಯಾಹ್ನ ತಟ್ಟೆ ಇಡುತ್ತೇನೆ, ಅವರು ತಳ್ಳುತ್ತಾರೆ. ಆಗ ನಿಮ್ಮ ಪ್ರಶ್ನೆ ಬರುತ್ತದೆ. ಜೋರಾಗಿ ಓದುತ್ತೇನೆ. ಇನ್ನು ಕೇಳಬೇಡಿ. ತಿನ್ನಲು ಹೇಳಿ.”

ನಾಕು ಸಲ ಓದ್ದೆ. ಬೇರೆಯವ್ರ ದೇವ್ರ ಲೆಕ್ಕದಲ್ಲಿ ನಾನು ಯಾಕೆ ಕೈ ಹಾಕ್ಲಿ ಅಂತ ಅಳುಕು. ಜುಬೇದಾಗೆ ಫೋನು ಮಾಡ್ದೆ. ಕಾಯಿಲೆಯೋರು ರೋಜಾ ಇಡಿಯಂಗಿಲ್ಲ, ಅದರ ಬದಲು ಬಡವ್ರಿಗೆ ಊಟ ಹಾಕಿದ್ರೆ ಆಯ್ತು, ಆ ಮುದುಕಿಗೆ ಚೆನ್ನಾಗಿ ಉಗಿ ಅಂದ್ಲು.

ಇವತ್ತು ಎರಡೂಕಾಲು ಗಂಟೆಗೆ ಎಲೆ ಗುಡ್ಡೆ ಪಕ್ಕಕ್ಕೆ ಸರಿಸಿ ಫೋನು ತಗೊಂಡೆ. ನೀನು ತಿಂದ್ರೆ ನನಗೆ ಸಂತೋಷ ಆಯ್ತದೆ ಅಂತ ಬರೆದೆ, ನಾಕು ಬಾಲ. ಅಳಿಸ್ದೆ. ತಿನ್ನಬಹುದಾ ಅಂತ ಬರೆದೆ, ಅಲ್ಲೂ ಮೂರು ಬಾಲ. ಅದನ್ನೂ ಅಳಿಸ್ದೆ. ಬಾಲ ಕಟ್ಟಿದಷ್ಟೂ ಮಾತು ನಯ ಆಯ್ತದೆ, ನಯದ ಮಾತಿಗೆ ನಮ್ಮ ವಯಸ್ಸಿನೋರು ಬಗ್ಗೋರಲ್ಲ. ಎಲ್ಲ ಕಿತ್ತಾಕಿದ ಮೇಲೆ ಒಂದೇ ಅಕ್ಷರ ಉಳೀತು, ‘ಯೆ’. ತಿನ್ನು ಅಂತ. ಜೊತೆ ಕೂಡೋಕೆ ಇನ್ನೊಂದು ಸ್ವರಾನೇ ಇಲ್ಲ ಅದಕ್ಕೆ.

‘ಎಮಿನೆ, ಯೆ.’

ಕಳ್ಸಿದೆ. ಎರಡು ಗೆರೇನೂ ನೀಲಿ ಆದ್ವು. ನುರ್ಗುಲ್ ತಟ್ಟೆ ಇಟ್ಟು ಓದ್ತಾ ಅವಳೆ, ಜೋರಾಗಿ. ನಾನು ಕೈಲಿದ್ದ ಎಲೆ ಯಾವ ಗುಡ್ಡೇದು ಅಂತಾನೂ ನೋಡದೆ ಕೂತಿದೀನಿ.