ಅಜ್ಜಿಗೆ ಬರಿಸಿದ ಮೀಸೆ

ಮೊನ್ನೆ ಅಟ್ಟದಿಂದ ತಗಡಿನ ಪೆಟ್ಟಿಗೆ ಇಳಿಸಿ ಮುಚ್ಚಳ ತೆಗೆದಾಗ ಒಣಗಿದ ಲಕ್ಕಿ ಸೊಪ್ಪಿನ ಘಾಟು ಮೂಗಿಗೆ ಬಡಿಯಿತು. ಕಾಗದಕ್ಕೆ ಹುಳ ಹಿಡಿಯಬಾರದೆಂದು ಆ ಸೊಪ್ಪು ಹಾಕಿಟ್ಟವಳು ನಮ್ಮ ದೊಡ್ಡಜ್ಜಿ. ಒಂದಕ್ಷರ ಓದಲು ಬಾರದ ಹೆಂಗಸು, ಮನೆಯ ಕಾಗದಗಳನ್ನೆಲ್ಲ ಅವಳೇ ಕಾಯುತ್ತಿದ್ದಳು. ಮುಟ್ಟಿದರೆ ಸೊಪ್ಪು ಪುಡಿಪುಡಿಯಾಯಿತು. ಘಾಟು ಹೋಗಿರಲಿಲ್ಲ...

ಪೆಟ್ಟಿಗೆ ಇಳಿಸಿದ್ದು ಕುಟುಂಬದ ಹುಡುಗರ ಒತ್ತಾಯಕ್ಕೆ. ವಂಶಾವಳಿಯನ್ನು ಪುಸ್ತಕ ಮಾಡಿ ಅಚ್ಚು ಹಾಕಿಸುತ್ತಾರಂತೆ. ಮದುವೆಗೆ ಮುಂಚೆ ನಾನು ಬರೆದಿಟ್ಟ ನೋಟುಬುಕ್ಕೇ ಅದಕ್ಕೆ ಆಧಾರವಂತೆ. ಆ ನೋಟುಬುಕ್ಕಿನಲ್ಲಿ ಒಂದು ಸುಳ್ಳಿದೆ. ಅದನ್ನು ಹೇಳದೆ ನಾನು ನೋಟುಬುಕ್ಕನ್ನು ಕೊಡುವವನಲ್ಲ.

ಕೊಡಗಿನಲ್ಲಿ ಇಂಗ್ಲಿಷರ ಕಮಿಷನರು ಆಳುತ್ತಿದ್ದ ಕಾಲ. ಗಾಳಿಬೀಡಿನ ಹತ್ತಿರದ ನಮ್ಮ ಮನೆಯಲ್ಲಿ ಹೈಸ್ಕೂಲು ಮುಗಿಸಿದವನು ನಾನೊಬ್ಬನೇ. ದೊಡ್ಡಜ್ಜಿ ಎಂದರೆ ನನ್ನ ಅಜ್ಜನ ಅಕ್ಕ. ಎಳೆಯ ವಯಸ್ಸಿನಲ್ಲಿ ಗಂಡ ಸತ್ತು ತವರಿಗೆ ಬಂದವಳು ಮತ್ತೆ ಹೋಗಲಿಲ್ಲ. ನಾಟಿಗೆ ಆಳು ಕರೆಯುವುದರಿಂದ ಹಿಡಿದು ಕಣಜಕ್ಕೆ ಬೀಗ ಹಾಕುವವರೆಗೆ ಎಲ್ಲ ಅವಳದೇ.

ವರ್ಷಕ್ಕೊಮ್ಮೆ ಹಿರಿಯರಿಗೆ ಎಡೆ ಇಡುವ ದಿನ ಒಳಕೋಣೆಯಲ್ಲಿ ಬಾಳೆ ಎಲೆಗಳನ್ನು ಸಾಲಾಗಿ ಹಾಕುತ್ತಿದ್ದರು. ಯಜಮಾನರಾದ ದೊಡ್ಡಪ್ಪ ಒಂದೊಂದು ಎಲೆಯ ಮುಂದೆ ಒಬ್ಬೊಬ್ಬ ಹಿರಿಯರ ಹೆಸರು ಕೂಗುತ್ತಿದ್ದರು. ಎಲ್ಲರಿಗೂ ರೊಟ್ಟಿ, ಕೋಳಿಸಾರು. ಗಂಡಸರ ಎಲೆಗೆ ಸರಾಯಿ, ಹೊಗೆಸೊಪ್ಪು. ಹೆಂಗಸರ ಎಲೆಗೆ ಕರಿಬಳೆ. ಮೂರನೆಯ ಎಲೆ ಪೂವಯ್ಯನದು. ಈ ಪೂವಯ್ಯ ಯಾರ ಮಗ, ಹೆಂಡತಿ ಯಾರು, ಎಲ್ಲಿ ಮಣ್ಣಾದ, ಯಾರಿಗೂ ಗೊತ್ತಿರಲಿಲ್ಲ. ಶಾನುಭೋಗರ ಜಮೀನು ಪಟ್ಟಿಯಲ್ಲಿ ಹೆಸರು ಇತ್ತು, ಅಷ್ಟೇ.

ಅವನ ಎಲೆಗೆ ಸರಾಯಿ ಬಿದ್ದಾಗಲೆಲ್ಲ ದೊಡ್ಡಜ್ಜಿ ಅಡುಗೆಮನೆಯಿಂದ ಕೂಗುತ್ತಿದ್ದಳು:

“ಹೊಯ್ಯಿ, ಹೊಯ್ಯಿ! ಈ ಮನೆಲಿ ಅಜ್ಜಿಗೆ ಮೀಸೆ ಬರ್ಸಿಯೊಳೊ!”

ಎಲ್ಲರೂ ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ. ಅವಳ ಅಜ್ಜಿ ಅವಳಿಗೆ ಹೇಳಿದ್ದ ಕತೆಯೇ ಬೇರೆ. ಸಿಡುಬು ಬಂದು ಮನೆಯ ಗಂಡಸರೆಲ್ಲ ಹೋದಾಗ ಉಳಿದವಳು ಮಗಳೊಬ್ಬಳು, ಪೂವವ್ವ. ಕೆಳಗಿನ ಸೀಮೆಯಿಂದ ಬಂದವನೊಬ್ಬನನ್ನು ಕಟ್ಟಿಕೊಂಡಳು. ಅವನು ಎರಡು ಮಕ್ಕಳಾದ ಮೇಲೆ ಹೇಳದೆ ಹೋದ. ಅವಳು ತನ್ನ ಹೆಸರಿನಲ್ಲೇ ಕಂದಾಯ ಕಟ್ಟಿ ಗದ್ದೆ ಉಳಿಸಿಕೊಂಡಳು. ನಾವೆಲ್ಲ ಅವಳ ಸಂತಾನ.

“ನೀ ಓದಿದಂವ,” ಎಂದಳು ನನಗೆ. “ಮಡಿಕೇರಿಗೆ ಹೋಗಿ ಹಳೆ ಕಾಗದ ಓದಿ ಬಾ. ನಾ ಸಾಯುವ ಮುಂದೆ ಆ ಎಲೆಗೆ ಬಳೆ ಬೀಳೊಕು.”

ಅದೇ ವರ್ಷ ಸುಂಟಿಕೊಪ್ಪದ ಕಡೆಯ ಮನೆಯೊಂದರಲ್ಲಿ ನನಗೆ ಹೆಣ್ಣು ಗೊತ್ತಾಯಿತು. ನಾನು ಅವಳನ್ನು ಬಹಳ ಮೆಚ್ಚಿದ್ದೆ. ಹೆಣ್ಣಿನ ತಂದೆ ಕಟ್ಟುನಿಟ್ಟಿನ ಮನುಷ್ಯ, ವಂಶಾವಳಿ ತೋರಿಸಿ ಎಂದರು. ನಮ್ಮಲ್ಲಿ ಒಂದೇ ಬಳಿಯವರು, ಅಂದರೆ ಒಂದೇ ಗೋತ್ರದವರು, ಮದುವೆಯಾಗುವಂತಿಲ್ಲ, ಬಳಿ ಬರುವುದು ಅಪ್ಪನಿಂದ. ಮೂಲದಲ್ಲಿ ಊರು ಕೇರಿ ಗೊತ್ತಿಲ್ಲದ ಅಪ್ಪನೊಬ್ಬ ಇದ್ದಾನೆಂದರೆ ನಮ್ಮ ಬಳಿ ಯಾವುದೆಂದು ಹೇಳುವವರು ಯಾರು?

ಮಡಿಕೇರಿಯ ಕಚೇರಿಯಲ್ಲಿ ಗುಮಾಸ್ತರು ಹಳೆಯ ಪುಸ್ತಕ ಬಿಚ್ಚಿಕೊಟ್ಟರು. ಪುಟ ತಿರುವುತ್ತ ಬಂದೆ... ಸ್ಪಷ್ಟವಾಗಿತ್ತು. ‘ಪೂವವ್ವ, ಮನೆಯ ಮಗಳು.’ ಗದ್ದೆ ಇದ್ದಮೇಲೆ ಗಂಡಸೇ ಇರಬೇಕೆಂದು ಯಾವನೋ ಶಾನುಭೋಗ ನಕಲು ಮಾಡುವಾಗ ವ್ವ ಅಕ್ಷರವನ್ನು ಯ್ಯ ಎಂದು ಓದಿದ್ದ. ಅವನು ತಪ್ಪು ಓದಿದ. ನಾನು ಸರಿಯಾಗಿ ಓದಿ ತಪ್ಪು ಬರೆದೆ.

ಮನೆಗೆ ಬಂದಾಗ ದೊಡ್ಡಜ್ಜಿ ಜಗಲಿಯಲ್ಲಿ ಕಾಯುತ್ತಿದ್ದಳು.

“ಎಂಥ ಉಟ್ಟು?” ಕಾಗದದಲ್ಲಿ ಏನಿದೆ ಎಂದು ಕೇಳಿದಳು.

“ಪೂವಯ್ಯ ಅಂತನೇ ಉಟ್ಟು, ಅಜ್ಜಿ.”

“ಸರಿ ನೋಡ್ದಾ?”

“ನೋಡ್ದೆ.”

ನೋಟುಬುಕ್ಕು ಇಸಿದುಕೊಂಡು, ಆ ಹೆಸರು ಯಾವುದೆಂದು ಕೇಳಿ, ಅದರ ಮೇಲೆ ಬೆರಳಾಡಿಸಿದಳು. ನನ್ನ ಮುಖವನ್ನೂ ನೋಡಿದಳು. ಓದಲು ಬಾರದವಳು ಅಕ್ಷರಗಳನ್ನು ಮಾತ್ರ ಓದುತ್ತಿರಲಿಲ್ಲ ಎಂದು ಆಗ ನನಗೆ ಹೊಳೆಯಲಿಲ್ಲ.

ಆ ವರ್ಷದ ಎಡೆಯ ದಿನ ದೊಡ್ಡಪ್ಪ ಪೂವಯ್ಯನ ಹೆಸರು ಕೂಗುವಷ್ಟರಲ್ಲಿ ಅವಳು ಗಂಡಸರ ನಡುವೆ ನುಗ್ಗಿ ಬಂದಳು. ಎಲೆಯಿಂದ ಸರಾಯಿ, ಹೊಗೆಸೊಪ್ಪು ಎತ್ತಿ ಪಕ್ಕಕ್ಕಿಟ್ಟಳು. ಸೆರಗಿನ ಗಂಟು ಬಿಚ್ಚಿ, ಗಂಡ ಸತ್ತ ದಿನ ಕೈಯಿಂದ ಕಳಚಿ ಬಚ್ಚಿಟ್ಟುಕೊಂಡಿದ್ದ ಕರಿಬಳೆ ಇಟ್ಟಳು.

“ಅತ್ತೆ, ಮುಟ್ಬೇಡಿ! ದಾಖಲೆಲಿ ಗಂಡ್ಸು ಅಂತ ಉಟ್ಟು!” ದೊಡ್ಡಪ್ಪ ಅಬ್ಬರಿಸಿದರು.

“ದಾಖಲೆಗೆ ಹಸಿವು ಇಲ್ಲೆ. ಅಜ್ಜಿಗೆ ಉಟ್ಟು. ಬಳಿ ನಿಮ್ಗೆ ಇರ್ಲಿ, ಬಳೆ ಅವ್ಳಿಗೆ ಇರ್ಲಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಓದಿ ಬಂದವನು ನಾನಲ್ಲವೇ? ಒಂದು ಮಾತು ಸಾಕಿತ್ತು. ನಾನು ನೆಲ ನೋಡುತ್ತ ಕುಳಿತೆ. ದೊಡ್ಡಪ್ಪ ಬಳೆ ತೆಗೆದು ಅವಳ ಕಡೆ ನೂಕಿದರು. ಅವಳು ಅಳಲಿಲ್ಲ. ಬಳೆ ಎತ್ತಿಕೊಂಡು, ತಲೆ ಎತ್ತಿಕೊಂಡೇ ಒಳಗೆ ಹೋದಳು. ನನ್ನ ಮದುವೆಯ ಚಪ್ಪರಕ್ಕೆ ಅವಳು ಬರಲಿಲ್ಲ. ಮುಂದಿನ ಮಳೆಗಾಲದಲ್ಲಿ ತೀರಿಕೊಂಡಳು.

ಎಷ್ಟೋ ವರ್ಷದ ಮೇಲೆ ಹೆಂಡತಿಗೆ ಇದನ್ನು ಹೇಳಿದೆ. “ಮೊದ್ಲೇ ಹೇಳಿದ್ರೆ ಅಪ್ಪ ನನ್ನ ಕೊಡ್ತಿತ್ಲೆ,” ಎಂದಳು. ಆಮೇಲೆ, “ಕೊಡದಿದ್ರೂ ನಾ ಓಡಿ ಬರ್ತಿದ್ದೆ,” ಎಂದಳು. ಈಗ ಅವಳೂ ಇಲ್ಲ.

ಅವಳಿಗೆ ಹೇಳಿದ ಮರುದಿನವೇ ಆ ದಾಖಲೆ ಮತ್ತೆ ನೋಡಲು ಮಡಿಕೇರಿಗೆ ಹೋಗಿದ್ದೆ. ಆ ಪುಸ್ತಕ ಗೆದ್ದಲು ಹಿಡಿದು ಹೋಗಿತ್ತು...

ಹುಡುಗರು ಕೇಳುತ್ತಾರೆ: “ದಾಖಲೆ ಇಲ್ಲದೆ ಹೇಗೆ ಬದಲಾಯಿಸೋದು, ಅಜ್ಜ? ಜನ ಏನೆಂದಾರು?” ಏನಾದರೂ ಅನ್ನಲಿ. ದಾಖಲೆ ಕೆಡಿಸಿದವನು ಎದುರಿಗೆ ಕೂತಿದ್ದೇನೆ, ಇದಕ್ಕಿಂತ ಯಾವ ದಾಖಲೆ ಬೇಕು? ಪೂವವ್ವ ಎಂದು ಅಚ್ಚಾದರೆ ನೋಟುಬುಕ್ಕು ಅವರದು. ಇಲ್ಲವಾದರೆ ಅದು ನನ್ನ ಜೊತೆಗೇ ಸುಟ್ಟುಹೋಗುತ್ತದೆ.

ಪೆಟ್ಟಿಗೆಯ ತಳದಲ್ಲಿ, ಸೊಪ್ಪಿನ ಪುಡಿಯೊಳಗೆ, ಆ ಕರಿಬಳೆ ಸಿಕ್ಕಿತು. ಈ ಸಲದ ಎಡೆಗೆ ಅದನ್ನು ನಾನೇ ಮೂರನೆಯ ಎಲೆಗೆ ಇಡುತ್ತೇನೆ. ಕೊಟ್ಟ ಹೆಣ್ಣಿಗೆ ತವರಿನಲ್ಲಿ ಎಡೆ ಇಡುವ ಪದ್ಧತಿ ನಮ್ಮಲ್ಲಿಲ್ಲ. ದೊಡ್ಡಜ್ಜಿಗೆ ಇಷ್ಟು ವರ್ಷ ಯಾರೂ ಎಲೆ ಹಾಕಿಲ್ಲ. ಅವಳು ಬಂದು ಉಣ್ಣುತ್ತಾಳೋ ಇಲ್ಲವೋ, ನನ್ನ ಮೇಲೆ ಅವಳಿಗೆ ಮುನಿಸಿದ್ದರೆ ನ್ಯಾಯವೇ. ಇರುವುದು ಒಂದೇ ಬಳೆ. ಎಲೆ ಮಾತ್ರ ಎರಡು ಹಾಕುತ್ತೇನೆ.